ನಾಲ್ಕೂವರೆ ಜನರ ಮನೆ

ನಾಲ್ಕೂವರೆ ಜನರ ಮನೆಯಲ್ಲಿ ಆ ಅರ್ಧ ನಾನಾಗಿದ್ದೆ. ನಗುವವರು ಈಗಲೇ ನಕ್ಕು ಮುಗಿಸಿಬಿಡಿ. ಏಳು ವರ್ಷ ಊರೆಲ್ಲ ನಕ್ಕಿದೆ, ನನಗೇನೂ ಹೊಸದಲ್ಲ. ಸಂತೆಯಲ್ಲಿ ಸೊಪ್ಪು ಮಾರುವವಳು ಕೂಡ ಅರ್ಧ ದೇವೀರಮ್ಮ ಬಂದಳು, ಅರ್ಧ ಕಟ್ಟು ಕೊಟ್ಟರೆ ಸಾಕು ಎಂದು ಹಾಸ್ಯ ಮಾಡುತ್ತಿದ್ದಳು. ದುಡ್ಡು ಮಾತ್ರ ಪೂರ್ತಿ ಕಟ್ಟಿನದನ್ನೇ ಇಸಕೊಳ್ಳುತ್ತಿದ್ದಳು.

ಊರಿನ ನಡುಮಧ್ಯದ ಚೌಕದಲ್ಲಿ ಲೆಕ್ಕದ ಕಚೇರಿಯವರು ಕಟ್ಟಿಸಿದ ಹೆಂಚಿನ ಮನೆಯೊಂದಿತ್ತು. ಸರಾಸರಿ ಮನೆ ಎಂದು ಅದರ ಹೆಸರು. ವರ್ಷಕ್ಕೊಮ್ಮೆ ಪುಷ್ಯ ಮಾಸದಲ್ಲಿ ಕಚೇರಿಯವರು ಮನೆಮನೆಯ ಲೆಕ್ಕ ತೆಗೆದು, ಎಲ್ಲವನ್ನೂ ಕೂಡಿಸಿ ಭಾಗಿಸಿ, ನಮ್ಮ ಊರಿನ ಒಂದು ಮನೆಗೆ ಇಷ್ಟು ಜನ, ಇಷ್ಟು ಸಂಪಾದನೆ, ಇಷ್ಟು ಕುರ್ಚಿ, ಇಷ್ಟು ದನ ಎಂದು ತಮಟೆ ಹೊಡೆಸಿ ಸಾರುತ್ತಿದ್ದರು. ಸಾರಿದ್ದನ್ನು ಊರು ಕಣ್ಣಾರೆ ನೋಡಬೇಕಲ್ಲ, ಅದಕ್ಕಾಗಿ ಆ ಮನೆ. ಚೀಟಿ ಎತ್ತಿ ಆರಿಸಿದ ಒಂದು ಸಂಸಾರ ಅಲ್ಲಿ ನಂಬರಿನ ಪ್ರಕಾರವೇ ಬಾಳಬೇಕು. ನಂಬರು ಬದಲಾಗುವವರೆಗೆ ಅವರೇ ಇರಬಹುದು. ಮಧ್ಯಾಹ್ನ ಮೂರರಿಂದ ಐದರವರೆಗೆ ಬಾಗಿಲು ತೆರೆದಿಟ್ಟಿರಬೇಕು, ಯಾರು ಬೇಕಾದರೂ ಒಳಗೆ ಬಂದು ಪಾತ್ರೆಯ ಮುಚ್ಚಳ ಎತ್ತಿ ನೋಡಬಹುದು.

ನಾನಿದ್ದ ಕಾಲದ ನಂಬರು ತಿಂಗಳಿಗೆ ಎಂಟು ಸಾವಿರದ ನಾನೂರು ರೂಪಾಯಿ. ಕುರ್ಚಿ ಎರಡೂವರೆ. ಆ ಅರ್ಧ ಕುರ್ಚಿಗೆ ಎರಡೇ ಕಾಲು. ಗೋಡೆಗೆ ಒರಗಿಸಿದರೆ ನಿಲ್ಲುತ್ತಿತ್ತು, ಕೂತವರು ಮಾತ್ರ ಮೈಮರೆಯುವ ಹಾಗಿರಲಿಲ್ಲ. ಹಸು ನಾಲ್ಕರಲ್ಲೊಂದು ಭಾಗ. ಹಾಗೆಂದರೆ ನಾಲ್ಕು ದಿನಕ್ಕೊಮ್ಮೆ ಕಚೇರಿಯ ಆಳು ಒಂದು ಕೆಂದ ಹಸುವನ್ನು ಹೊಡೆದುಕೊಂಡು ಬಂದು ಕೊಟ್ಟಿಗೆಯಲ್ಲಿ ಕಟ್ಟಿ, ಮಾರನೆಯ ಬೆಳಿಗ್ಗೆ ಬಿಚ್ಚಿಕೊಂಡು ಹೋಗುತ್ತಿದ್ದ. ಅದು ಬಂದ ದಿನ ಎಲ್ಲರಿಗೂ ಹಾಲಿನ ಕಾಫಿ, ಮಿಕ್ಕ ಮೂರು ದಿನ ಬೆಲ್ಲ ಹಾಕಿದ ಕರಿ ಕಾಫಿ. ಹಸುವಿಗೂ ಅದು ಅಭ್ಯಾಸವಾಗಿ, ನಾಲ್ಕನೆಯ ದಿನ ಆಳು ಬರುವುದು ತಡವಾದರೆ ತಾನೇ ಹಗ್ಗ ಕಿತ್ತುಕೊಂಡು ಬಂದು ಬಾಗಿಲಲ್ಲಿ ನಿಲ್ಲುತ್ತಿತ್ತು.

ಸಂಸಾರದಲ್ಲಿ ನಾಲ್ವರಿದ್ದರು. ಯಜಮಾನ ಪುಟ್ಟಮಲ್ಲಪ್ಪ, ದರ್ಜಿ, ಬಾಯಲ್ಲಿ ಯಾವಾಗಲೂ ಸೂಜಿಯೋ ದಾರವೋ ಇರುತ್ತಿದ್ದುದರಿಂದ ಮಾತು ಕಡಿಮೆ. ಅವನ ತಾಯಿ, ಕಣ್ಣು ಮಂದವಾದ ಮುದುಕಿ. ಹೆಂಡತಿ ಕಾಂತಾಮಣಿ. ಮತ್ತೆ ಒಂದು ವರ್ಷದ ಕೂಸು ಹೊನ್ನಿ. ನಂಬರಿಗೆ ಅರ್ಧ ಕಡಿಮೆ ಬಿತ್ತು. ಮನೆಯಲ್ಲಿ ಹಿಂದೆ ಮುಂದೆ ಯಾರೂ ಇಲ್ಲದ, ಅರ್ಧ ದಿನ ಇಲ್ಲಿ ಬಂದು ಇದ್ದರೆ ಅಲ್ಲಿ ಯಾರಿಗೂ ಕೊರತೆಯಾಗದ ಒಬ್ಬರು ಬೇಕು ಎಂದು ಕಚೇರಿಯವರು ಹುಡುಕಿದಾಗ ನಮ್ಮ ಸುಣ್ಣದ ಬೀದಿಯವರು ಒಂದೇ ಬಾಯಲ್ಲಿ ನನ್ನ ಹೆಸರು ಹೇಳಿದರಂತೆ. ನನ್ನ ಗಂಡ ಸುಣ್ಣದ ಗೂಡಿನ ಹೊಗೆ ಕುಡಿದು ಕುಡಿದು ಎದೆ ಕಟ್ಟಿ ಹೋಗಿ ಆಗ ನಾಲ್ಕು ವರ್ಷವಾಗಿತ್ತು. ಮಕ್ಕಳಿಲ್ಲ. ಯಾರೂ ಇಲ್ಲದಿರುವುದು ಕೂಡ ಒಂದು ಕೆಲಸಕ್ಕೆ ಯೋಗ್ಯತೆಯಾಗುತ್ತದೆ ಎಂದು ನನಗೆ ಆವರೆಗೆ ಗೊತ್ತಿರಲಿಲ್ಲ.

ಹೊತ್ತು ಹುಟ್ಟುವಾಗ ಹೊಸ್ತಿಲು ದಾಟಿ ಒಳಗೆ, ದೀಪ ಹಚ್ಚುವ ಮುಂಚೆ ಹೊಸ್ತಿಲು ದಾಟಿ ಹೊರಗೆ. ಅದು ನನ್ನ ಕರಾರು. ಒಂದು ಗಳಿಗೆ ಹೆಚ್ಚು ನಿಂತರೂ ನಂಬರು ಕೆಡುತ್ತದೆಂದು ಚೌಕದ ಕಾವಲುಗಾರ ಕೋಲು ಕುಟ್ಟುತ್ತಿದ್ದ. ಆದರೆ ಇದ್ದಷ್ಟು ಹೊತ್ತು ನಾನು ಪೂರ್ತಿಯಾಗಿಯೇ ಇರುತ್ತಿದ್ದೆ. ಮುದುಕಿಯ ತಲೆ ಬಾಚಿದೆ, ಕಾಂತಾಮಣಿಯ ಜೊತೆ ಜಗಳವಾಡಿ ಮಾತು ಬಿಟ್ಟು ಮತ್ತೆ ಆಡಿದೆ, ಹೊನ್ನಿಯ ಕಾಲು ನೀವಿ ನೀರು ಹಾಕಿದೆ. ಅವಳು ಮೊದಲ ಹೆಜ್ಜೆ ಇಟ್ಟದ್ದು ನನ್ನ ಸೆರಗು ಹಿಡಿದು. ಹಗಲು ಹೊತ್ತಾದ್ದರಿಂದ ಅದು ನನ್ನ ಪಾಲಿಗೆ ಬಂತು. ಮೊದಲ ಹಲ್ಲು ಬಿದ್ದದ್ದು ರಾತ್ರಿ, ಅದು ನನ್ನ ಪಾಲಿಗೆ ಬರಲಿಲ್ಲ.

ರಾತ್ರಿಯದನ್ನೆಲ್ಲ ಹೊನ್ನಿ ಬೆಳಿಗ್ಗೆ ನನಗೆ ಒಪ್ಪಿಸುತ್ತಿದ್ದಳು. ಅಜ್ಜಿ ನಿದ್ದೆಯಲ್ಲಿ ಯಾರನ್ನೋ ಬೈದದ್ದು, ಅಪ್ಪ ಅಮ್ಮ ದುಡ್ಡಿನ ವಿಷಯ ಪಿಸುಗುಟ್ಟಿದ್ದು, ಹಲ್ಲಿ ಲೊಚಗುಟ್ಟಿದ್ದು, ಯಾವುದನ್ನೂ ಬಿಡದೆ ಹೇಳುತ್ತಿದ್ದಳು. ನಾನು ರಾಗಿ ಕೇರುತ್ತಾ ಹೂಂಗುಟ್ಟುತ್ತಿದ್ದೆ. ಆ ಮನೆಯಲ್ಲಿ ದೀಪ ಉರಿಯುವುದನ್ನು ಏಳು ವರ್ಷದಲ್ಲಿ ನಾನು ಒಮ್ಮೆಯೂ ನೋಡಿರಲಿಲ್ಲ. ಒಂದೇ ಒಂದು ರಾತ್ರಿ ಆ ಮಗುವಿನ ಪಕ್ಕದಲ್ಲಿ ಮಲಗಬೇಕೆಂಬ ಆಸೆ ನನ್ನನ್ನು ಎಷ್ಟು ತಿನ್ನುತ್ತಿತ್ತು ಎಂದರೆ, ಹೇಳಿಕೊಳ್ಳಲು ಈಗಲೂ ನಾಚಿಕೆ. ಐವತ್ತು ದಾಟಿದ ಹೆಂಗಸು, ಪರರ ಕೂಸಿನ ನಿದ್ದೆಗೆ ಹೀಗೆ ಹಂಬಲಿಸುವುದುಂಟೆ? ಹಂಬಲಿಸಿದೆ. ಕಾಂತಾಮಣಿಗೂ ಅದು ಗೊತ್ತಿತ್ತು. ಪ್ರತಿ ವರ್ಷ ಲೆಕ್ಕ ಬರೆಯಲು ಬರುವ ಗುಮಾಸ್ತ ಶಂಕರಲಿಂಗಯ್ಯನವರಿಗೆ ಅವಳು ಕಾಫಿಯ ಲೋಟ ಕೊಡುತ್ತಾ, ನಾಲ್ಕೂವರೆಯನ್ನು ಐದು ಮಾಡಿಬಿಡಿ ಸ್ವಾಮಿ, ನಮ್ಮಕ್ಕ ಇಲ್ಲೇ ಉಳೀತಾರೆ ಎಂದು ಕೇಳುತ್ತಿದ್ದಳು. ಊರಿನ ಲೆಕ್ಕ ಎಷ್ಟು ಬರುತ್ತದೋ ಅಷ್ಟೇ, ಅದು ನನ್ನ ಕೈಯಲ್ಲಿಲ್ಲ ತಾಯಿ ಎಂದು ಅವರು ಅಂಗೈ ತೋರಿಸುತ್ತಿದ್ದರು.

ಊರಿಗಂತೂ ಆ ಲೆಕ್ಕದ ಮೇಲೆ ಕಾಸಿನಷ್ಟೂ ನಂಬಿಕೆ ಇರಲಿಲ್ಲ. ಮೂರು ಗಂಟೆಗೆ ಬಾಗಿಲು ತೆರೆದರೆ ಮೊದಲು ಬರುತ್ತಿದ್ದವರು ಗಡಿಯಾರದ ಬೀದಿಯ ಹೆಂಗಸರು. ಮನೆಮನೆಗೂ ಎರಡು ಉಪ್ಪರಿಗೆ, ಮೂರು ಕಾರು, ನಾಯಿಗೂ ಒಂದು ಕೋಣೆ ಇರುವ ಬೀದಿ ಅದು. ಅವರು ಅರ್ಧ ಕುರ್ಚಿಯನ್ನು ಕಾಲಿನಿಂದ ಮುಟ್ಟಿ ನಕ್ಕು, ಇದಂತೆ ನಮ್ಮ ಮನೆ, ಬರೀ ಸುಳ್ಳು ಎನ್ನುತ್ತಿದ್ದರು. ಅವರ ಹಿಂದೆ ನಮ್ಮ ಸುಣ್ಣದ ಬೀದಿಯವರು ಬರುತ್ತಿದ್ದರು, ಸುಣ್ಣ ತಿಂದು ಬಿರಿದ ಪಾದಗಳನ್ನು ಹೊರಗೇ ಚೆನ್ನಾಗಿ ಒರೆಸಿಕೊಂಡು. ಮುಚ್ಚಳ ಎತ್ತಿ, ತುಪ್ಪ ಐತೆ ಕಣ್ರೇ ಎಂದು ಒಬ್ಬರಿಗೊಬ್ಬರು ತೋರಿಸಿ, ಇದಂತೆ ನಮ್ಮ ಮನೆ, ಬರೀ ಸುಳ್ಳು ಎನ್ನುತ್ತಿದ್ದರು. ಮೇಲಿನವರೂ ಸುಳ್ಳು ಎಂದರು, ಕೆಳಗಿನವರೂ ಸುಳ್ಳು ಎಂದರು, ಇಬ್ಬರ ಮಾತೂ ನಿಜವೇ. ಎಂಟು ಸಾವಿರದ ನಾನೂರು ರೂಪಾಯಿ ಊರಲ್ಲಿ ಇದ್ದದ್ದು ಆ ಒಂದು ಮನೆಯಲ್ಲಿ ಮಾತ್ರ.

ಸುಳ್ಳೋ ನಿಜವೋ, ಒಂದು ನಂಬರು ತಾನೆ, ಹೋಗಲಿ ಎನ್ನುವ ಹಾಗಿರಲಿಲ್ಲ. ಊರ ಉಗ್ರಾಣಕ್ಕೆ ಒಂದು ಕಾನೂನಿತ್ತು. ಸಂಪಾದನೆಯ ನಂಬರು ಏಳು ಸಾವಿರಕ್ಕಿಂತ ಕೆಳಗೆ ಇಳಿದ ವರ್ಷ ಅದರ ಬೀಗ ತೆಗೆದು ಮನೆಗಿಷ್ಟು ಎಂದು ಧಾನ್ಯ ಅಳೆದು ಕೊಡಬೇಕು. ಊರಿನ ಐದು ಸುಣ್ಣದ ಗೂಡುಗಳಲ್ಲಿ ಮೂರು ಆರಿಹೋದವು. ಹೊರಗಿನಿಂದ ಸಿಮೆಂಟು ಬಂದ ಮೇಲೆ ಸುಣ್ಣ ಕೇಳುವವರೇ ಇಲ್ಲ. ನಮ್ಮ ಬೀದಿಯಲ್ಲಿ ಎರಡು ಹೊತ್ತು ಒಲೆ ಉರಿಯುವ ಮನೆಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಆದರೂ ವರ್ಷ ವರ್ಷವೂ ತಮಟೆಯವನು ಬಂದು ಅದೇ ಎಂಟು ಸಾವಿರದ ನಾನೂರು ಎಂದು ಬಡಿದು ಹೋಗುತ್ತಿದ್ದ, ಉಗ್ರಾಣದ ಬೀಗ ತುಕ್ಕು ಹಿಡಿಯುತ್ತಿತ್ತು. ಗಡಿಯಾರದ ಬೀದಿಯವರು ಇನ್ನೂ ಒಂದು ಉಪ್ಪರಿಗೆ ಏರಿಸಿದ್ದಾರೆ, ಅವರದು ಏರಿ ನಮ್ಮದು ಇಳಿದರೆ ಸರಿಹೋಗುವುದಿಲ್ಲವೇ ಎಂದು ಓದಿದವರು ಸಮಾಧಾನ ಹೇಳುತ್ತಿದ್ದರು. ಅಷ್ಟು ಸರಿಯಾಗಿ, ರೂಪಾಯಿಗೆ ರೂಪಾಯಿ ಹೇಗೆ ಸರಿಹೋಗುತ್ತದೆ ಎಂದು ನನ್ನ ಪಕ್ಕದ ಮನೆಯ ಸಾವಂದಕ್ಕ ಕೇಳಿದರೆ ಅವರು ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುತ್ತಿದ್ದರು.

ಉತ್ತರ ಸಿಕ್ಕಿದ್ದು ನನಗೆ, ಹೊನ್ನಿಯ ದೆಸೆಯಿಂದ. ಏಳನೆಯ ವರ್ಷದ ಪುಷ್ಯ ಮಾಸ, ಹಸು ಬಂದ ದಿನ. ಶಂಕರಲಿಂಗಯ್ಯನವರು ಎಂದಿನಂತೆ ಬೆಳಿಗ್ಗೆಯೇ ಬಂದು, ನೋಯುವ ಮಂಡಿಗಳನ್ನು ಒಂದೊಂದಾಗಿ ಮಡಿಸಿ ಚಾಪೆಯ ಮೇಲೆ ಕೂತು, ವರ್ಷ ವರ್ಷದ ಲೆಕ್ಕವಿದ್ದ ಆ ದೊಡ್ಡ ಪುಸ್ತಕ ಬಿಚ್ಚಿದರು. ಕಾಫಿ ಕುಡಿದ ಮೇಲೆ ಅವರಿಗೆ ಕಣ್ಣು ಹತ್ತಿತು. ಹೊನ್ನಿಗೆ ಆಗ ಎಂಟು ವರ್ಷ, ಅಂಗಡಿ ಹೆಸರು, ಬಸ್ಸಿನ ಹೆಸರು ಎಲ್ಲವನ್ನೂ ಜೋರಾಗಿ ಓದುವ ಹುಚ್ಚು. ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡು ಓದತೊಡಗಿದಳು. ಯಾರದೋ ಹೆಸರು, ಗಡಿಯಾರದ ಬೀದಿ, ಜನ ನಾಲ್ಕೂವರೆ, ಕುರ್ಚಿ ಎರಡೂವರೆ. ಇನ್ನಾರದೋ ಹೆಸರು, ಗಾಣದ ಬೀದಿ, ಜನ ನಾಲ್ಕೂವರೆ, ಕುರ್ಚಿ ಎರಡೂವರೆ. ಹಾಳೆ ತಿರುಗಿಸಿದಳು, ಮತ್ತೊಂದು ತಿರುಗಿಸಿದಳು, ಎಲ್ಲ ಕಡೆಯೂ ಅದೇ. ಕೊನೆಗೆ, “ಅತ್ತೆ, ಇಲ್ಲಿ ನೀನಿದೀಯ” ಎಂದಳು. ದೇವೀರಮ್ಮ, ಸುಣ್ಣದ ಬೀದಿ, ಹಸು ನಾಲ್ಕರಲ್ಲೊಂದು ಭಾಗ, ಕುರ್ಚಿ ಎರಡೂವರೆ, ಸಂಪಾದನೆ ಎಂಟು ಸಾವಿರದ ನಾನೂರು, ಜನ ನಾಲ್ಕೂವರೆ.

ನನಗೆ ಓದಲು ಬಾರದು. ಆದರೂ ಬಗ್ಗಿ ಆ ಕೊನೆಯ ಅಕ್ಷರಗಳ ಮೇಲೆ ಬೆರಳಿಟ್ಟೆ. ನನ್ನ ಮನೆಯಲ್ಲಿ ನಾಲ್ಕೂವರೆ ಜನ. ಸುಳ್ಳೆಂದು ಗೊತ್ತಿದ್ದೂ ಒಂದು ಗಳಿಗೆ ಎದೆ ತುಂಬಿ ಬಂತು. ನನ್ನ ಆ ಒಂಟಿ ಕೋಣೆಯಲ್ಲಿ ಯಾರೋ ಉಣ್ಣುತ್ತಿದ್ದಾರೆ, ಯಾರೋ ಕೆಮ್ಮುತ್ತಿದ್ದಾರೆ, ಯಾರೋ ನನ್ನ ದಾರಿ ಕಾಯುತ್ತಿದ್ದಾರೆ ಎಂದು ಸರ್ಕಾರದ ಪುಸ್ತಕದಲ್ಲಿ ಬರೆದಿತ್ತು. ಆಮೇಲೆ ಸಿಟ್ಟು ಬಂತು. ಗುಮಾಸ್ತರನ್ನು ಅಲುಗಾಡಿಸಿ ಎಬ್ಬಿಸಿದೆ.

ಅವರು ಕಳ್ಳನ ಹಾಗೆ ಬೆದರಲಿಲ್ಲ, ನನಗೇ ತಿಳಿಹೇಳುವ ಹಾಗೆ ಮಾತಾಡಿದರು. ಮೊದಲ ವರ್ಷ ನಾಲ್ಕು ಜನ ಗುಮಾಸ್ತರು ನಿಜವಾಗಿಯೂ ಊರೆಲ್ಲ ಸುತ್ತಿ ಬರೆದಿದ್ದರಂತೆ. ಮರುವರ್ಷ ಮೂವರನ್ನು ಬೇರೆ ಕಡೆ ಕಳಿಸಿದರು, ಇವರೊಬ್ಬರೇ ಉಳಿದರು, ಸಾವಿರದ ಆರುನೂರು ಮನೆ. ಕಾನೂನಿನ ಪುಸ್ತಕ ತೆಗೆದು ನೋಡಿದರೆ, ಊರನ್ನು ಪ್ರತಿನಿಧಿಸುವಂಥ ಮನೆಯನ್ನು ಕೇಳಿ ಬರೆಯತಕ್ಕದ್ದು ಎಂದಿತ್ತು. ಇಡೀ ಊರನ್ನು ಪ್ರತಿನಿಧಿಸುವ ಮನೆ ಇದೊಂದೇ ಅಲ್ಲವೇ ಎಂದು ಅವರು ನನ್ನನ್ನೇ ಕೇಳಿದರು. ಹೀಗೆ ಸರಾಸರಿ ತಿಳಿಯಲು ಅವರು ಪ್ರತಿ ವರ್ಷ ಸರಾಸರಿ ಮನೆಗೇ ಬರುತ್ತಿದ್ದರು, ಬರೆದುಕೊಂಡದ್ದನ್ನು ಎಲ್ಲರ ಹೆಸರಿಗೂ ಹಚ್ಚುತ್ತಿದ್ದರು, ಕೂಡಿಸಿ ಭಾಗಿಸಿದರೆ ಅದೇ ಬರುತ್ತಿತ್ತು. ಲೆಕ್ಕ ತಾಳೆಯಾಯಿತೆಂದು ಮೇಲಿನವರು ಬೆನ್ನು ತಟ್ಟುತ್ತಿದ್ದರು. ನಮ್ಮ ಬೀದಿಗೆ ಗುಮಾಸ್ತರು ಬಂದದ್ದನ್ನು ಯಾರೂ ಕಂಡಿರಲಿಲ್ಲ. ನಾವು ಗೂಡಿಗೆ ಹೋದಾಗ ಬಂದು ಅಕ್ಕಪಕ್ಕದವರನ್ನು ಕೇಳಿರಬೇಕು ಎಂದುಕೊಂಡಿದ್ದೆವು. ಗಡಿಯಾರದ ಬೀದಿಯವರು ಆಳುಗಳು ಹೇಳಿರಬೇಕು ಎಂದುಕೊಂಡಿದ್ದರು.

ಯಾರಿಗೂ ಹೇಳಬೇಡ ಎಂದು ಶಂಕರಲಿಂಗಯ್ಯನವರು ಬೇಡಿಕೊಂಡರು. ನಿವೃತ್ತಿಗೆ ಎರಡೇ ವರ್ಷ ಇತ್ತಂತೆ. ನಾನು ಪುಸ್ತಕದ ಮೇಲಿಟ್ಟ ಬೆರಳು ತೆಗೆಯಲಿಲ್ಲ. ಆಗ ಅವರು ಲೇಖನಿಯ ಮುಚ್ಚಳ ತೆಗೆದು ಮೆಲ್ಲಗೆ ಹೇಳಿದರು: “ನಿನಗೆ ಬೇಕಾದರೆ ಈ ಸಲ ಐದು ಅಂತ ಬರೀತೀನಮ್ಮ. ಹುಣ್ಣಿಮೆ ದಿನ ಪುಸ್ತಕ ಒಪ್ಪಿಸಬೇಕು. ಅಷ್ಟರೊಳಗೆ ಹೇಳು.”

ಅಡಿಗೆಮನೆಯ ಬಾಗಿಲಲ್ಲಿ ಕಾಂತಾಮಣಿ ನಿಂತಿದ್ದಳು, ಎಲ್ಲ ಕೇಳಿಸಿಕೊಂಡಿದ್ದಳು. ಗುಮಾಸ್ತರು ಹೋದ ಮೇಲೆ ನನ್ನ ಕೈ ಹಿಡಿದು, ಇದರಲ್ಲಿ ಯೋಚನೆ ಮಾಡುವುದೇನಿದೆ ಅಕ್ಕ ಎಂದಳು. ನಂಬರಿನ ಉಳಿದ ಭಾಗ ಹಾಗೇ ಇದ್ದರೆ ಸಂಸಾರ ಬದಲಿಸುವುದಿಲ್ಲ ಎಂದು ಗುಮಾಸ್ತರೇ ಹೇಳಿದ್ದರು. ಮಾರನೆಯ ದಿನ ಹೋಗುವಷ್ಟರಲ್ಲಿ ಹೊನ್ನಿ ನನ್ನ ಮಲಗುವ ಜಾಗ ಗೊತ್ತು ಮಾಡಿಬಿಟ್ಟಿದ್ದಳು. ಕಿಟಕಿಯ ಪಕ್ಕ ಅಜ್ಜಿ, ಅಜ್ಜಿಯ ಪಕ್ಕ ತಾನು, ತನ್ನ ಈ ಕಡೆ ನಾನು. ಚಾಪೆ ಹಾಸಿ ಅದರ ಮೇಲೆ ನನ್ನನ್ನು ಮಲಗಿಸಿ ಉದ್ದ ಸರಿಹೋಗುತ್ತದೋ ಇಲ್ಲವೋ ನೋಡಿದಳು. ಹಾಡುಹಗಲಲ್ಲಿ ಆ ಚಾಪೆಯ ಮೇಲೆ ಕಣ್ಣು ಮುಚ್ಚಿ ಬಿದ್ದುಕೊಂಡೆ. ಮಗು ನನ್ನ ಪಕ್ಕ ಬಂದು ನಿದ್ದೆ ಬಂದವಳ ಹಾಗೆ ಗೊರಕೆ ಹೊಡೆದು ತೋರಿಸಿತು. ದೇವರ ಮೇಲೆ ಆಣೆಯಿಟ್ಟು ಹೇಳುತ್ತೇನೆ, ಒಪ್ಪಿಕೊಂಡೇ ಬಿಟ್ಟಿದ್ದೆ. ಹುಣ್ಣಿಮೆಗೆ ಇನ್ನೂ ಐದು ದಿನವಿತ್ತು, ಮೊದಲ ನಾಲ್ಕು ದಿನ ಸಂತೋಷದಲ್ಲಿ ನನ್ನ ಕಾಲು ನೆಲದ ಮೇಲಿರಲಿಲ್ಲ.

ಮನೆಗೆ ಬಂದರೆ ಮಾತ್ರ ಸಾವಂದಕ್ಕನ ಮುಖ ನೋಡಲು ಆಗುತ್ತಿರಲಿಲ್ಲ. ಅವಳಿಗೊಬ್ಬಳು ಮೊಮ್ಮಗಳು, ಮಾಕಿ ಎಂದು. ಹೊನ್ನಿ ಹುಟ್ಟಿದ ವರ್ಷವೇ, ಅದೇ ತಿಂಗಳೇ ಹುಟ್ಟಿದವಳು. ಕಾಂತಾಮಣಿ ಹೊನ್ನಿಗೆ ಗಿಡ್ಡವಾಯಿತೆಂದು ಒಂದು ಲಂಗ ಕೊಟ್ಟಿದ್ದಳು, ಮಾಕಿಗೆ ಆಗಬಹುದೆಂದು ತಂದೆ. ಹುಣ್ಣಿಮೆಯ ಹಿಂದಿನ ದಿನ ನಸುಕಿನಲ್ಲಿ ನೀರಿನ ಕೊಳಾಯಿಯ ಹತ್ತಿರ ಆ ಹುಡುಗಿಗೆ ಅದನ್ನು ತೊಡಿಸಿದೆ. ಹೊನ್ನಿಗೆ ಮೊಣಕಾಲ ಮೇಲಕ್ಕೆ ಬರುತ್ತಿದ್ದ ಲಂಗ ಮಾಕಿಗೆ ನೆಲ ಗುಡಿಸಿತು. ಸೊಂಟದಲ್ಲಿ ಎರಡು ಸುತ್ತು ಸುತ್ತಿ ಗಂಟು ಹಾಕಬೇಕಾಯಿತು. ಒಂದೇ ತಿಂಗಳ ಕೂಸುಗಳು. ಮಾಕಿಗೆ ಬಲು ಖುಷಿ, ಉದ್ದ ಲಂಗವೆಂದು ಗಿರಗಿರ ತಿರುಗಿದಳು. ಸಾವಂದಕ್ಕ ನಕ್ಕು, “ಬಿಡು ದೇವೀರಿ, ಮದುವೆ ಗಂಟ ಇದೊಂದೇ ಸಾಕು ಇವಳಿಗೆ” ಅಂದಳು.

ನಾನು ಖಾಲಿ ಕೊಡ ಎತ್ತಿಕೊಂಡು ಮಾಕಿಯ ಸೊಂಟದ ಗಂಟನ್ನೇ ನೋಡಿದೆ. ಉಗ್ರಾಣದಲ್ಲಿ ರಾಗಿ ಹುಳ ಬಿದ್ದು ಹಾಳಾಗುತ್ತಿದೆ, ಈ ಹುಡುಗಿಯ ಹೆಸರಿನಲ್ಲಿ ನಾಲ್ಕು ದಿನಕ್ಕೊಮ್ಮೆ ಹಾಲು ಕುಡಿದದ್ದಾಗಿ ಬರೆದಿದೆ, ನಾನು ಅದರ ಮೇಲೆ ಚಾಪೆ ಹಾಸಿಕೊಂಡು ಮಲಗಲು ಹೊರಟಿದ್ದೇನೆ. ಕೊಡ ಕೆಳಗಿಟ್ಟು ಎಲ್ಲವನ್ನೂ ಸಾವಂದಕ್ಕನಿಗೆ ಹೇಳಿಬಿಟ್ಟೆ. ಐದು ಎಂದು ಬರೆಸುವ ಮಾತನ್ನೂ ಮುಚ್ಚಿಡಲಿಲ್ಲ. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ, ಬೈಯಲಿಲ್ಲ. ನನ್ನ ಕೊಡವನ್ನೂ ತಾನೇ ತುಂಬಿಸಿ ತಲೆಗೆ ಎತ್ತಿದಳು. ಆಮೇಲೆ ಮನೆ ಮನೆಗೆ ಹೋಗಿ ಬಾಗಿಲು ಬಡಿದಳು.

ನಮ್ಮ ಬೀದಿಯವರು ಕಲ್ಲು ಎತ್ತುವ ಜನವಲ್ಲ, ಸುಣ್ಣದ ಕಲ್ಲು ಹೊತ್ತೇ ಸಾಕಾಗಿರುತ್ತದೆ. ಅವರು ಮಾಡಿದ್ದು ಬೇರೆಯೇ. ಮಧ್ಯಾಹ್ನ ಮೂರು ಗಂಟೆಗೆ ಸರಾಸರಿ ಮನೆಯ ಬಾಗಿಲು ತೆರೆಯುವ ಹೊತ್ತಿಗೆ ಅದರ ಮುಂದೆ ಸಾಲು ನಿಂತಿತ್ತು, ಚೌಕ ದಾಟಿ ಸಂತೆಮಾಳದವರೆಗೆ. ಒಬ್ಬೊಬ್ಬರೂ ಬಂದು ತಮ್ಮ ಹೆಸರು ಹೇಳಿ, ಪುಸ್ತಕದಲ್ಲಿ ನಮ್ಮದೆಂದು ಬರೆದಿರುವ ಎರಡೂವರೆ ಕುರ್ಚಿ ಕೊಡಿ, ತಗೊಂಡು ಹೋಗ್ತೀವಿ ಎಂದರು. ಹಸು ಹೊಡೆದುಕೊಂಡು ಹೋಗಲು ಹಗ್ಗ ತಂದವರಿದ್ದರು. ಒಬ್ಬ ಮುದುಕ, ನಮ್ಮ ಮನೇಲಿ ಇಬ್ಬರೇ ಇರೋದು, ಮಿಕ್ಕ ಎರಡೂವರೆ ಜನ ಎಲ್ಲವ್ರೆ, ಕಳಿಸಿಕೊಡಿ ಎಂದು ಬಹಳ ಮರ್ಯಾದೆಯಿಂದ ಕೇಳಿದ. ಕಚೇರಿಯ ಸಾಹೇಬರು ಬಂದರು, ನಕ್ಕರು, ಗದರಿದರು, ಮತ್ತೆ ನಗಲು ನೋಡಿದರು. ಸಾಲು ಕರಗಲಿಲ್ಲ. ಮೂರು ದಿನ ಹಾಗೆಯೇ ಬಂದು ನಿಂತರು. ನಾಲ್ಕನೆಯ ದಿನ ಕೆಂದ ಹಸು ಬಂದು ಆ ಜನರನ್ನು ನೋಡಿ ತಾನೂ ಸಾಲಿನಲ್ಲಿ ನಿಂತಿತು. ಅಂದು ಸಂಜೆ ತಮಟೆ ಹೊಡೆಸಿದರು, ಮನೆಮನೆಗೆ ಬಂದು ಹೊಸದಾಗಿ ಲೆಕ್ಕ ಬರೆಯುತ್ತೇವೆ ಎಂದು.

ಆಗ ಗಡಿಯಾರದ ಬೀದಿಯವರ ಬಣ್ಣ ಬಯಲಾಯಿತು. ಲೆಕ್ಕ ಸುಳ್ಳು ಎಂದು ಏಳು ವರ್ಷ ಅರ್ಧ ಕುರ್ಚಿಗೆ ಒದ್ದವರು, ನಿಜವಾದ ಲೆಕ್ಕ ಬರೆಯಲು ಬರುತ್ತಾರೆ ಎಂದ ಕೂಡಲೇ ಗೇಟಿಗೆ ಬೀಗ ಹಾಕಿದರು. ಒಳಗೆ ಬಿಡದೆ ಕಾವಲುಗಾರರ ಬಾಯಲ್ಲಿ ಹೇಳಿ ಕಳಿಸಿದರು, ಕುರ್ಚಿ ಎರಡು, ಸಂಪಾದನೆ ಅಷ್ಟಕ್ಕಷ್ಟೆ ಎಂದು. ಶಂಕರಲಿಂಗಯ್ಯನವರು ಬಿಸಿಲಲ್ಲಿ ನಿಂತು ಹೇಳಿದ್ದನ್ನೇ ಬರೆದುಕೊಂಡರು. ಅವರನ್ನು ಕೆಲಸದಿಂದ ತೆಗೆದಿರಲಿಲ್ಲ. ಅದೇ ಮಂಡಿಗಳಲ್ಲಿ ಸಾವಿರದ ಆರುನೂರು ಮನೆ ಹತ್ತಿ ಇಳಿಯಬೇಕು, ಅದೇ ಅವರ ಶಿಕ್ಷೆ.

ಲೆಕ್ಕ ಮುಗಿಯುವವರೆಗೂ ಕಾಯದೆ ಕಚೇರಿಯವರು ಸರಾಸರಿ ಮನೆಯನ್ನು ಖಾಲಿ ಮಾಡಿಸಿದರು. ಪುಟ್ಟಮಲ್ಲಪ್ಪನ ಹಳೆಯ ಅಂಗಡಿಯನ್ನು ಅಷ್ಟರಲ್ಲಿ ಬೇರೆಯವರು ಹಿಡಿದಿದ್ದರು. ಕಾಂತಾಮಣಿಯ ಅಣ್ಣನ ಊರಿಗೆ ಹೋಗುವುದೆಂದಾಯಿತು, ಎರಡು ಬಸ್ಸು ಬದಲಾಯಿಸಿ ಹೊಳೆ ದಾಟಿ ಹೋಗಬೇಕು. ಅವರು ಗಂಟು ಕಟ್ಟುವಾಗ ನಾನು ಹೋದೆ. ಕಾಂತಾಮಣಿ ಅತ್ತಳು, ಬೈದಳು, ಮತ್ತೆ ನನಗೆ ಊಟ ಬಡಿಸಿದಳು. ಪುಟ್ಟಮಲ್ಲಪ್ಪ ಬಾಯಲ್ಲಿ ಸೂಜಿ ಇಲ್ಲದೆಯೂ ಮಾತಾಡಲಿಲ್ಲ. ಹೊನ್ನಿ ಹೊಲಿಗೆ ಯಂತ್ರದ ಹಿಂದೆ ಕೂತಿದ್ದಳು. ನಾನು ಹತ್ತಿರ ಹೋಗಿ ಕೂತಾಗ ತಲೆ ಎತ್ತದೆ ಕೇಳಿದಳು.

“ನೀನೇ ಹೇಳಿದ್ದಾ ಅತ್ತೆ?”

ಹೌದು ಎಂದೆ.

“ಐದು ಅಂತ ಬರೆಸಬಹುದಿತ್ತಲ್ಲ.”

ಮಾಕಿಯ ವಿಷಯ ಹೇಳಬೇಕೆಂದುಕೊಂಡೆ, ಲಂಗದ ವಿಷಯ ಹೇಳಬೇಕೆಂದುಕೊಂಡೆ. ಎಂಟು ವರ್ಷದ ಮಗುವಿನ ಮುಂದೆ ಇನ್ನೊಂದು ಎಂಟು ವರ್ಷದ ಮಗುವನ್ನು ತಂದು ನಿಲ್ಲಿಸಿ ನನ್ನ ನ್ಯಾಯ ಹೇಳಿಕೊಳ್ಳಲು ನಾಲಗೆ ಏಳಲಿಲ್ಲ. ಬರೆಸಬಹುದಿತ್ತು ಕಂದ ಎಂದೆ, ಅಷ್ಟೆ. ಬಸ್ಸು ಮಧ್ಯಾಹ್ನದ್ದು. ಅವಳು ಕಿಟಕಿಯ ಪಕ್ಕ ಕೂತಿದ್ದಳು. ನನ್ನ ಕಡೆ ತಿರುಗಲಿಲ್ಲ, ಬಸ್ಸು ಹೊರಟ ಮೇಲೆ ತಿರುಗಿದಳೋ ಏನೋ, ಧೂಳಿನಲ್ಲಿ ನನಗೆ ಕಾಣಲಿಲ್ಲ.

ಹೊಸ ನಂಬರು ಯುಗಾದಿಗೆ ಬಂತು. ತಿಂಗಳಿಗೆ ಐದು ಸಾವಿರದ ನೂರು ರೂಪಾಯಿ. ಗಡಿಯಾರದ ಬೀದಿಯವರ ಸುಳ್ಳೂ ಸೇರಿ ಅಷ್ಟು ಕೆಳಗೆ ಬಿತ್ತು ಎಂದು ತಿಳಿದವರು ಹೇಳುತ್ತಾರೆ. ಹಾಗಾದರೆ ಅವರ ಜಿಪುಣತನದಿಂದಲೇ ನಮ್ಮ ಹೊಟ್ಟೆಗೆ ಹಿಟ್ಟು ಸಿಕ್ಕಿತು, ಅವರಿಗೆ ನಮಸ್ಕಾರ. ಉಗ್ರಾಣದ ಬೀಗ ಒಡೆದೇ ತೆಗೆಯಬೇಕಾಯಿತು. ಮನೆಗೆ ಇಪ್ಪತ್ತು ಸೇರು ರಾಗಿ ಅಳೆದರು. ಹುಳ ಬಿದ್ದಿತ್ತು, ಕೇರಿಕೊಂಡೆವು. ಗಡಿಯಾರದ ಬೀದಿಯವರೂ ತಮ್ಮ ಪಾಲಿಗೆ ಆಳು ಕಳಿಸಿದ್ದರು. ಮಾಕಿ ಎರಡು ಹೊತ್ತು ಉಣ್ಣುತ್ತಾಳೆ, ಲಂಗದ ಗಂಟು ಒಂದು ಸುತ್ತು ಕಡಿಮೆಯಾಗಿದೆ. ಈಗಿನ ನಂಬರನ್ನೂ ಊರು ನಂಬುವುದಿಲ್ಲ, ಅದು ಬೇರೆ ಮಾತು. ಕುರ್ಚಿ ಒಂದಕ್ಕೆ ಇಳಿಯಿತು, ಹಸುವಿನ ಪಾಲು ಹತ್ತರಲ್ಲೊಂದಾಯಿತು. ಜನ ಮಾತ್ರ ಸರಿಯಾಗಿ ಐದು. ತಮಟೆಯವನು ಅದನ್ನು ಕೂಗಿ ಹೋದ ದಿನ ನಾನು ಒಲೆ ಹಚ್ಚಲಿಲ್ಲ. ಐದು ಜನರ ಬೇರೊಂದು ಸಂಸಾರ ಅಲ್ಲಿ ಬಂದು ಕೂತಿದೆ, ಅರ್ಧದವರ ಅಗತ್ಯ ಅವರಿಗಿಲ್ಲ.

ನಂಬರು ಬರುವುದಕ್ಕೆ ಮೊದಲು, ನನ್ನ ಮನೆಯ ಲೆಕ್ಕ ಬರೆದ ದಿನದ ಒಂದು ಮಾತು ಉಳಿದಿದೆ. ನಮ್ಮ ಬೀದಿಯ ಕೊನೆಯ ಮನೆ ನನ್ನದು. ಶಂಕರಲಿಂಗಯ್ಯನವರು ಬರುವಾಗ ಬಿಸಿಲು ಇಳಿದಿತ್ತು, ಕಾಲು ಎಳೆಯುತ್ತಿದ್ದರು. ನನ್ನ ಮೇಲೆ ಕೋಪವಿರಬೇಕೆಂದುಕೊಂಡಿದ್ದೆ, ಇದ್ದಂತಿರಲಿಲ್ಲ. ಕೂರಲು ಕುರ್ಚಿ ಇಲ್ಲ ಎಂದೆ, ಗೊತ್ತಾಯಿತು ಎಂದು ಬರೆದುಕೊಂಡು ಹೊಸ್ತಿಲ ಮೇಲೆ ಕೂತರು. ಹಸು ಇಲ್ಲ. ಸಂಪಾದನೆ ಎಷ್ಟು ಎಂದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಇಡೀ ಊರಿನ ಸುಳ್ಳು ಎತ್ತಿ ಆಡಿದವಳು ನಾನು, ಒಂದು ರೂಪಾಯಿಯೂ ಹೆಚ್ಚು ಕಡಿಮೆ ಹೇಳುವ ಹಾಗಿರಲಿಲ್ಲ. ಆಮೇಲೆ ಅವರು ಮನೆಯಲ್ಲಿ ಎಷ್ಟು ಜನ ಎಂದು ಕೇಳಿದರು. ಕೇಳುವಾಗಲೇ ಲೇಖನಿ ಒಂದು ಗೀಟು ಎಳೆಯಲು ತಯಾರಾಗಿತ್ತು.

“ಒಂದೂವರೆ” ಎಂದೆ.

ಅವರು ತಲೆ ಎತ್ತಿ ನನ್ನನ್ನು ನೋಡಿದರು. ನನ್ನ ಹಿಂದಿದ್ದ ಕೋಣೆಯನ್ನು ನೋಡಿದರು. ಒಂದು ಚಾಪೆ, ಒಂದು ತಟ್ಟೆ, ಹಗ್ಗದ ಮೇಲೆ ಒಂದು ಸೀರೆ. ಆ ಅರ್ಧ ಯಾರಮ್ಮ ಎಂದು ಕೇಳಿದರು.

“ಐತೆ ಸ್ವಾಮಿ. ಈಗ ಮನೇಲಿಲ್ಲ.”

ಅವರು ಬಗ್ಗಿ ಹಾಗೆಯೇ ಬರೆದುಕೊಂಡು, ಪುಸ್ತಕ ಮುಚ್ಚಿ, ಗೋಡೆ ಹಿಡಿದು ಎದ್ದು ಹೋದರು. ಆದ್ದರಿಂದ ಈಗಲೂ ಊರಿನ ಲೆಕ್ಕ ಪೂರ್ತಿ ನಿಜವಲ್ಲ ಎಂದು ಯಾರಾದರೂ ಹೇಳಿದರೆ ನಾನು ವಾದಕ್ಕೆ ಹೋಗುವುದಿಲ್ಲ. ಅದರಲ್ಲಿ ಅರ್ಧ ಜನ ಹೆಚ್ಚಿಗಿದೆ, ಅದನ್ನು ಸೇರಿಸಿದವಳು ನಾನೇ. ಹೊನ್ನಿಗೆ ಈಗ ಒಂಬತ್ತು ತುಂಬಿರಬೇಕು.